ಗಾಲಿ ಮನೆಯಲ್ಲಿ ಜಾರಿದ ಫ್ರಿಜ್ಜು



ಫ್ರಿಜ್ಜು ಅಂದರೆ ಒಮ್ಮೆ ಇಟ್ಟ ಜಾಗದಿಂದ ಕದಲದ ವಸ್ತು ಅಂತ ನಾವೆಲ್ಲ ತಿಳಿದಿರುತ್ತೇವೆ. ಅಡಿಗೆಮನೆಯ ಮೂಲೆಯಲ್ಲೋ, ಅಲ್ಲಿ ಜಾಗ ಸಾಲದಿದ್ದರೆ ನಡುಮನೆಯಲ್ಲೋ, ತಲೆ ಮೇಲೊಂದು ಕಸೂತಿ ಬಟ್ಟೆ, ಅದರ ಮೇಲೊಂದು ಹೂದಾನಿ ಹೊತ್ತು ನಿಂತುಬಿಟ್ಟರೆ ಮುಗೀತು. ಮತ್ತೆ ಅದನ್ನು ಸರಿಸುವುದು ಸುಣ್ಣ ಬಣ್ಣ ಹೊಡೆಸುವಾಗ, ಇಲ್ಲವೇ ವರ್ಗವಾದಾಗ. ನಾನೂ ಹಾಗೇ ತಿಳಿದಿದ್ದೆ. 2023ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿರುವ ಮಗಳ ಮನೆಗೆ ಹೋದಾಗ, ಫ್ರಿಜ್ಜು ಊರೂರು ಸುತ್ತುವುದನ್ನೂ ಕಂಡೆ, ಸುತ್ತುತ್ತಾ ಸುತ್ತುತ್ತಾ ಜಾಗ ಬಿಟ್ಟು ಮುಂದಕ್ಕೆ ಬಂದು ನಿಂತಿದ್ದನ್ನೂ ಕಂಡೆ. ಆ ದಿನ ನಾನು ಮಾಡಿದ ಒಂದು ಬುದ್ಧಿವಂತಿಕೆಯನ್ನು ನಿಮ್ಮ ಮುಂದೆ ಹೇಳಿಕೊಳ್ಳದೆ ಸಮಾಧಾನವಿಲ್ಲ.

ನನ್ನ ಮಗಳು ಅಳಿಯ ಇರುವುದು ಅರಿಜೋನಾ ರಾಜ್ಯದ ಫೀನಿಕ್ಸ್ ಪಟ್ಟಣದಲ್ಲಿ. ರಾಯಚೂರು, ಕಲಬುರಗಿ ಬಿಸಿಲು ಕಂಡವರಿಗೂ ಅಲ್ಲಿನ ಬಿಸಿಲು ಸಾಕು ಸಾಕೆನಿಸುತ್ತೆ. ರಜೆ ಬಂದರೆ ಜನ ತಂಪು ಹುಡುಕಿಕೊಂಡು ಬೆಟ್ಟ ಹತ್ತುತ್ತಾರೆ. ಅಳಿಯಂದಿರು ಒಂದು ಟ್ರೇಲರ್ ಕೊಂಡಿದ್ದರು, ಸೆಕೆಂಡ್ ಹ್ಯಾಂಡ್. ಟ್ರೇಲರ್ ಅಂದ ಕೂಡಲೇ ಕಬ್ಬು ತುಂಬಿದ ಟ್ರ್ಯಾಕ್ಟರ್ ಕಣ್ಣ ಮುಂದೆ ಬಂತೇ? ನನಗೂ ಅದೇ ಬಂದಿತ್ತು! ಇದು ಬೇರೆ. ಗಾಲಿಗಳ ಮೇಲೆ ನಿಂತ ಪುಟ್ಟ ಮನೆ. ಮುಂದಿನ ಗಾಡಿಗೆ ಕೊಂಡಿ ಹಾಕಿ ಎಳೆದುಕೊಂಡು ಹೋಗುವುದು. ಒಳಗೆ ಎರಡು ಹಾಸಿಗೆ, ಮೇಜು, ಬಚ್ಚಲು, ಒಲೆ, ಪಾತ್ರೆ ತೊಳೆಯುವ ತೊಟ್ಟಿ, ಫ್ರಿಜ್ಜು ಎಲ್ಲ ಇದೆ. ಎರಡು ಮಾರು ಉದ್ದದ ಅಡಿಗೆಮನೆಯಲ್ಲಿ ಕೈ ಚಾಚಿದರೆ ಎಲ್ಲ ಸಿಗುತ್ತೆ; ನಮ್ಮ ಹಳೆಯ ಮನೆಗಳಲ್ಲಿ ಉಪ್ಪಿಗೊಂದು ಸಲ ಉಗ್ರಾಣಕ್ಕೆ, ನೀರಿಗೊಂದು ಸಲ ಹಿತ್ತಿಲಿಗೆ ಓಡಾಡಿದ್ದು ನೆನಪಾಗಿ ಅಸೂಯೆಯಾಯಿತು. ಗಾಡಿ ಓಡುವಾಗ ಮಾತ್ರ ಟ್ರೇಲರಿನೊಳಗೆ ನಾವು ಯಾರೂ ಕೂರಲಿಲ್ಲ. ಎಲ್ಲರೂ ಮುಂದಿನ ಗಾಡಿಯಲ್ಲೇ. ಹಾಗಾಗಿ ಹಿಂದೆ ಏನು ಅಲುಗಿದರೂ, ಏನು ಬಿದ್ದರೂ ನಮ್ಮ ಕಿವಿಗೆ ಬೀಳದು.

ಹೊರಟಿದ್ದು ಗ್ರ್ಯಾಂಡ್ ಕ್ಯಾನಿಯನ್‌ಗೆ. ಫ್ಲಾಗ್‌ಸ್ಟಾಫ್, ವಿಲಿಯಮ್ಸ್ ಊರುಗಳ ಮೇಲೆ ಹಾಯ್ದು ಹತ್ತಿರ ಹತ್ತಿರ 380 ಕಿಲೋಮೀಟರ್ ದಾರಿ. ಫೀನಿಕ್ಸ್ ಸಮುದ್ರಮಟ್ಟದಿಂದ 330 ಮೀಟರ್ ಎತ್ತರದಲ್ಲಿದ್ದರೆ ಫ್ಲಾಗ್‌ಸ್ಟಾಫ್ 2100 ಮೀಟರ್ ಮೇಲೆ. ಅಂದರೆ ಬೆಳಗಿನಿಂದ ಏರುವುದೇ ಏರುವುದು. ಹಿಂದಿನ ದಿನವೇ ನಾನು ಇಡ್ಲಿ ಹಿಟ್ಟು ರುಬ್ಬಿಸಿ, ಮೊಸರು ಹೆಪ್ಪು ಹಾಕಿ, ಎರಡನ್ನೂ ಫ್ರಿಜ್ಜಿಗೆ ಸೇರಿಸಿದ್ದೆ. ಮಗಳು "ಅಮ್ಮಾ, ಅಲ್ಲಿಗೆ ಬ್ರೆಡ್ಡು ಸಾಕು" ಅಂದಳು. ಮೊಮ್ಮಗನಿಗೆ ಇಡ್ಲಿ ಅಂದರೆ ಪ್ರಾಣ, ನಾನು ಕೇಳಲಿಲ್ಲ.

ಫ್ಲಾಗ್‌ಸ್ಟಾಫಿನಲ್ಲಿ ಪೆಟ್ರೋಲ್ ಹಾಕಿಸಲು ನಿಲ್ಲಿಸಿದಾಗ ಮಗುವಿಗೆ ಹಾಲು ತರೋಣ ಅಂತ ಟ್ರೇಲರ್ ಬಾಗಿಲು ತೆಗೆದೆ. ಏನು ಹೇಳಲಿ! ಫ್ರಿಜ್ಜಿನ ಬಾಗಿಲು ಬಾಯಿ ಬಿಟ್ಟಿದೆ, ಇಡ್ಲಿ ಹಿಟ್ಟು ನೆಲದ ತುಂಬ ರಂಗೋಲಿ. ಮೊಸರಿನ ಡಬ್ಬಿ ಹಾಸಿಗೆ ಕೆಳಗೆ. ಎಲ್ಲ ಒರೆಸಿ ತಲೆ ಎತ್ತಿದಾಗ ಕಂಡದ್ದು ಅದಕ್ಕಿಂತ ವಿಚಿತ್ರ. ಗೋಡೆಗೂಡಿನಲ್ಲಿ ಅಚ್ಚುಕಟ್ಟಾಗಿ ಕೂತಿದ್ದ ಫ್ರಿಜ್ಜು ಎರಡು ಬೆರಳು ಮುಂದಕ್ಕೆ ಬಂದಿದೆ! ಕೈಯಿಂದ ಅಲುಗಿಸಿದರೆ ಹಾಲುಹಲ್ಲಿನಂತೆ ಆಡುತ್ತೆ. ಅಳಿಯಂದಿರು ಬಂದು ನೋಡಿ, ಭುಜ ಕೊಟ್ಟು ಒಳಕ್ಕೆ ತಳ್ಳಿ, "ಹೋಗಿ ನೋಡೋಣ ಅತ್ತೆ, ಇನ್ನೇನು ಎರಡು ಗಂಟೆ ದಾರಿ" ಅಂದರು. ಗಂಡಸರ "ನೋಡೋಣ" ನಿಮಗೆ ಹೊಸದಲ್ಲ.

ಈಗ ನನ್ನ ಬುದ್ಧಿವಂತಿಕೆ. ಬೀರು ಅಲುಗಿದರೆ ಕಾಲಿಗೆ ರಟ್ಟು ಕೊಡುತ್ತೇವೆ, ಕಿಟಕಿ ಬಡಿದರೆ ಬಟ್ಟೆ ಸಿಕ್ಕಿಸುತ್ತೇವೆ, ಅಲ್ಲವೇ? ಫ್ರಿಜ್ಜಿಗೂ ಪಕ್ಕದ ಹಲಗೆಗೂ ನಡುವೆ ಇದ್ದ ಸಂದಿಗೆ ಒಂದು ಹಳೆಯ ಟವೆಲನ್ನು ಮಡಿಸಿ, ಮಗುಚುವ ಕೈಯ ಹಿಡಿಯಿಂದ ತುರುಕಿಬಿಟ್ಟೆ. ಬಿಗಿಯಾಗಿ ನಿಂತಿತು. ಯಾರಿಗೂ ಹೇಳಲಿಲ್ಲ. ಹೇಳುವಂಥ ದೊಡ್ಡ ವಿಷಯ ಅನ್ನಿಸಲೂ ಇಲ್ಲ.

ಆ ಫ್ರಿಜ್ಜು ನಮ್ಮ ಮನೆಗಳ ಫ್ರಿಜ್ಜಿನಂಥದ್ದಲ್ಲ ಅನ್ನುವುದು ನನಗೆ ಗೊತ್ತಿರಲಿಲ್ಲ ನೋಡಿ. ಅದಕ್ಕೆ ಗುರ್ ಅನ್ನುವ ಮೋಟಾರೇ ಇಲ್ಲ. ಅದು ಬೆಂಕಿಯಿಂದ ತಣ್ಣಗಾಗುವ ಫ್ರಿಜ್ಜು! ನಗಬೇಡಿ, ನಿಜ. ಹಿಂಭಾಗದಲ್ಲಿ, ಕೆಳಗೆ, ಒಂದು ಸಣ್ಣ ಗ್ಯಾಸಿನ ಉರಿ ಇರುತ್ತೆ, ದೇವರ ದೀಪದಷ್ಟು. ಮೊಹರು ಮಾಡಿದ ಕೊಳವೆಗಳಲ್ಲಿ ಅಮೋನಿಯಾ, ನೀರು, ಹೈಡ್ರೋಜನ್ ಇರುತ್ತವೆ. ಉರಿಯ ಕಾವಿಗೆ ಅಮೋನಿಯಾ ನೀರನ್ನು ಬಿಟ್ಟು ಆವಿಯಾಗಿ ಮೇಲೇರುತ್ತೆ, ಮೇಲೆ ತಣಿದು ದ್ರವವಾಗುತ್ತೆ, ಆಮೇಲೆ ಹೈಡ್ರೋಜನ್ ಇರುವ ಕಡೆ ಇಳಿದು ಮತ್ತೆ ಆವಿಯಾಗುವಾಗ ಒಳಗಿನ ಶಾಖವನ್ನು ಹೀರಿಕೊಳ್ಳುತ್ತೆ. ಬೇಸಿಗೆಯಲ್ಲಿ ಒದ್ದೆ ಬಟ್ಟೆ ಸುತ್ತಿದ ಹೂಜಿಯ ನೀರು ತಣ್ಣಗಾಗುವುದೂ ಆವಿಯಾಗುವುದರಿಂದಲೇ ತಾನೇ? ಕೊನೆಗೆ ಅಮೋನಿಯಾವನ್ನು ನೀರು ಮತ್ತೆ ಹೀರಿಕೊಂಡು ಉರಿಯ ಹತ್ತಿರಕ್ಕೆ ಬರುತ್ತೆ. 1922ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಬಾಲ್ಟ್‌ಸರ್ ಫಾನ್ ಪ್ಲಾಟೆನ್, ಕಾರ್ಲ್ ಮುಂಟೆರ್ಸ್ ಅನ್ನುವ ಇಬ್ಬರು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕಂಡುಹಿಡಿದದ್ದು ಇದು. 1925ರಲ್ಲಿ ಎಲೆಕ್ಟ್ರೋಲಕ್ಸ್ ಕಂಪನಿ ಅದನ್ನು ಮಾರಾಟಕ್ಕೆ ತಂದಿತು. ಕರೆಂಟಿಲ್ಲದ ಕಡೆ ಸೀಮೆಎಣ್ಣೆ ದೀಪದಿಂದ ನಡೆಯುತ್ತಿದ್ದ ಫ್ರಿಜ್ಜುಗಳೂ ಇದೇ ಜಾತಿಯವು. ಟ್ರೇಲರಿನದಕ್ಕೆ ಕರೆಂಟು ಸಿಕ್ಕ ಕಡೆ ಕರೆಂಟು, ಇಲ್ಲದ ಕಡೆ ಗ್ಯಾಸು.

ಗ್ರ್ಯಾಂಡ್ ಕ್ಯಾನಿಯನ್‌ನಲ್ಲಿ ನಾವು ಇಳಿದುಕೊಂಡ ಮೇದರ್ ಕ್ಯಾಂಪಿನಲ್ಲಿ ಟ್ರೇಲರುಗಳಿಗೆ ಕರೆಂಟ್ ಕೊಡುವುದಿಲ್ಲ. ಪೈನ್ ಮರಗಳ ಕೆಳಗೆ ಟ್ರೇಲರ್ ನಿಲ್ಲಿಸಿ, ಚಕ್ರಕ್ಕೆ ಹಲಗೆ ಕೊಟ್ಟು ಮಟ್ಟ ಮಾಡಿ, ಅಳಿಯಂದಿರು ಮೂತಿಯ ಮೇಲಿರುವ ಸಿಲಿಂಡರ್ ತೆರೆದು, ಒಳಗೆ ಬಂದು ಫ್ರಿಜ್ಜಿನ ಗುಂಡಿ ಒತ್ತಿದರು. ಟಿಕ್ ಟಿಕ್ ಅಂತ ಕಿಡಿ ಹಾರುವ ಸದ್ದು. ಉರಿ ಹತ್ತಿತೋ ಇಲ್ಲವೋ ನೋಡಲು ಹೊರಗೆ ಹೋಗಿ, ಟ್ರೇಲರಿನ ಹೊರಗೋಡೆಯಲ್ಲಿರುವ ಜಾಲರಿ ಬಾಗಿಲು ತೆಗೆದರು. ಒಂದು ಕ್ಷಣ ಮೌನ. ಆಮೇಲೆ "ಆಫ್ ಮಾಡು! ಬೇಗ ಆಫ್ ಮಾಡು!" ಅಂತ ಮಗಳಿಗೆ ಕೂಗಿದರು. ತಾವೇ ಓಡಿಹೋಗಿ ಸಿಲಿಂಡರ್ ಮುಚ್ಚಿದರು.

ನನ್ನ ಟವೆಲು ದಾರಿಯ ಕುಲುಕಾಟಕ್ಕೆ ಸಂದಿಯಲ್ಲೇ ಜಾರಿ ಹಿಂದಕ್ಕೆ ಬಿದ್ದಿತ್ತು. ಉರಿ ಇರುವ ತಗಡಿನ ಡಬ್ಬಿಗೆ ನಾಲ್ಕು ಬೆರಳು ದೂರದಲ್ಲಿ ಅದರ ತುದಿ ಜೋಲುತ್ತಿತ್ತು. ಸಾಲದ್ದಕ್ಕೆ ಅಲ್ಲಿ ಗ್ಯಾಸಿನ ವಾಸನೆ. ಫ್ರಿಜ್ಜು ಮುಂದಕ್ಕೆ ಬರುವಾಗ ಗ್ಯಾಸಿನ ಕೊಳವೆಯನ್ನೂ ಎಳೆದುಕೊಂಡು ಬಂದಿತ್ತು. ಅದೇ ಫ್ರಿಜ್ಜಿನ ಪಕ್ಕದ ಹಾಸಿಗೆಯಲ್ಲಿ ಆರು ವರ್ಷದ ಮೊಮ್ಮಗ ಬೂಟು ಕೂಡ ಬಿಚ್ಚದೆ ನಿದ್ದೆ ಹೋಗಿದ್ದ. ಮಗಳು ಅವನನ್ನು ಎತ್ತಿಕೊಂಡು ಹೊರಗೆ ಬಂದವಳು, ಟವೆಲ್ ನೋಡಿ, "ಇದನ್ನು ಯಾರು ಇಟ್ಟಿದ್ದು?" ಅಂದಳು. ನಾನೇ ಅಂದೆ. ನನಗೆ ನಿಂತಲ್ಲೇ ಕೈಕಾಲು ತಣ್ಣಗಾಗಿತ್ತು. ಅಳಿಯಂದಿರು ಸ್ವಲ್ಪ ಹೊತ್ತು ಬಿಟ್ಟು, "ತಪ್ಪು ನಂದೂ ಇದೆ ಅತ್ತೆ. ಹೋದ ಸಲವೇ ಇದು ಅಲುಗ್ತಿತ್ತು. ಇವಳು ಮೂರು ಸಲ ಹೇಳಿದ್ದಳು" ಅಂದರು. ಅವರು ಹಾಗೆ ಅಂದದ್ದು ದೊಡ್ಡ ಮನಸ್ಸು. ಆದರೂ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಪಕ್ಕದ ಟ್ರೇಲರಿನ ವಯಸ್ಸಾದ ಹೆಂಗಸು ಗಲಾಟೆ ಕೇಳಿ ಬಂದರು. ಗಂಡ ಹೆಂಡತಿ ವರ್ಷದಲ್ಲಿ ಅರ್ಧ ಭಾಗ ಹೀಗೇ ತಿರುಗಾಡುತ್ತಾರಂತೆ. ಆಕೆ ಪಾತ್ರೆ ತೊಳೆಯುವ ಸೋಪಿನ ನೀರು ತಂದುಕೊಟ್ಟು, ಸಿಲಿಂಡರನ್ನು ಒಂದು ಗಳಿಗೆ ಮಾತ್ರ ತೆರೆಸಿ, ಕೊಳವೆಯ ಸಂದುಗಳಿಗೆಲ್ಲ ಹನಿಸಿ ತೋರಿಸಿದರು. ಹಿಂದಿನ ನಟ್ಟಿನ ಬಳಿ ಗುಳುಗುಳು ಗುಳ್ಳೆ ಎದ್ದವು. ನಮ್ಮ ಮನೆಗಳಲ್ಲಿ ಸಿಲಿಂಡರ್ ಬದಲಾಯಿಸಿದಾಗ ರೆಗ್ಯುಲೇಟರ್ ಹತ್ತಿರ, ರಬ್ಬರ್ ಕೊಳವೆಯ ಎರಡೂ ತುದಿಯಲ್ಲಿ ನಾವು ಮಾಡಬೇಕಾದ್ದೂ ಇದನ್ನೇ. ಬೆಂಕಿಕಡ್ಡಿ ಗೀರಿ ನೋಡುವ ಧೈರ್ಯವಂತರು ಇನ್ನೂ ಇದ್ದಾರೆ, ದಯವಿಟ್ಟು ಬೇಡ. ಈ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲಿ ತುಂಬಿಕೊಳ್ಳುತ್ತೆ. ಟ್ರೇಲರುಗಳಲ್ಲಿ ಗ್ಯಾಸು ಪತ್ತೆಮಾಡುವ ಗಂಟೆಯನ್ನು ನೆಲದ ಹತ್ತಿರವೇ ಕೂರಿಸುವುದು ಅದಕ್ಕೇ.

ಇನ್ನೊಂದು ಅಪಾಯ ಮರುದಿನ ಬಂದ ಮೆಕ್ಯಾನಿಕ್ ಬಾಯಿಂದ ತಿಳಿಯಿತು. ಫ್ರಿಜ್ಜಿನ ಹಿಂದಿನ ಉರಿಯ ಹೊಗೆ ಹೊರಗಿನ ಜಾಲರಿಯಿಂದಲೇ ಹೋಗಬೇಕು, ಒಳಗೆ ಬರಬಾರದು. ಅದಕ್ಕೇ ಫ್ರಿಜ್ಜಿನ ಸುತ್ತ ಗಾಳಿಯಾಡದಂತೆ ಪಟ್ಟಿ ಕೊಟ್ಟಿರುತ್ತಾರೆ. ಫ್ರಿಜ್ಜು ಮುಂದೆ ಬಂತು ಅಂದರೆ ಪಟ್ಟಿ ಬಿಟ್ಟಿತು, ಹಿಂದಿನ ಗಾಳಿ ಮಲಗುವ ಕೋಣೆಗೆ ಬಂತು. ಸರಿಯಾಗಿ ಉರಿಯದ ಗ್ಯಾಸಿನಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿದ್ದವರಿಗೆ ಎಚ್ಚರವೇ ಆಗದು. ಫ್ರಿಜ್ಜು ಮನೆಯವರ ಪ್ರಾಣ ತೆಗೆದ ಕಥೆ ಹಳೆಯದೇ. 1920ರ ದಶಕದಲ್ಲಿ ಬರ್ಲಿನ್ನಿನ ಒಂದು ಕುಟುಂಬ ಫ್ರಿಜ್ಜಿನಿಂದ ಸೋರಿದ ವಿಷಗಾಳಿಗೆ ಬಲಿಯಾದ ಸುದ್ದಿ ಓದಿ ಮರುಗಿದ ವಿಜ್ಞಾನಿ ಐನ್‌ಸ್ಟೈನ್, ಲಿಯೋ ಸಿಲಾರ್ಡ್ ಅವರ ಜೊತೆ ಸೇರಿ ಸೋರದಂಥ ಫ್ರಿಜ್ಜು ಮಾಡಲು ಹೊರಟಿದ್ದರು. 1930ರಲ್ಲಿ ಅದಕ್ಕೆ ಅಮೆರಿಕದ ಪೇಟೆಂಟೂ ಸಿಕ್ಕಿತು.

ಸರಿ, ರಿಪೇರಿಗೆ ಬರೋಣ. ಗ್ಯಾಸಿನ ನಟ್ಟನ್ನು ನಾವು ಮುಟ್ಟಲಿಲ್ಲ, ಮೆಕ್ಯಾನಿಕ್ಕೇ ಬಿಗಿಮಾಡಿ, ಪರೀಕ್ಷೆ ಮಾಡಿ, ಕೊಳವೆಯನ್ನು ಎಳೆತವಿಲ್ಲದಂತೆ ಕೂರಿಸಿ ಹೋದರು. ಅವರು ಬಂದುಹೋದ ಖರ್ಚಿಗೆ ಒಂದು ಒಳ್ಳೆಯ ರೇಷ್ಮೆ ಸೀರೆ ಬರುತ್ತಿತ್ತು! ಫ್ರಿಜ್ಜನ್ನು ಭದ್ರ ಮಾಡುವ ಕೆಲಸವನ್ನು ಮಾತ್ರ "ಮರಗೆಲಸ ತಾನೇ, ನಾವೇ ಮಾಡಿಕೊಳ್ತೀವಿ" ಅಂತ ಉಳಿಸಿಕೊಂಡೆವು.

ನಮ್ಮ ಟ್ರೇಲರಿನಲ್ಲಿ ಆ ಫ್ರಿಜ್ಜನ್ನು ಹಿಡಿದಿದ್ದದ್ದು ಬರೀ ಆರು ಸ್ಕ್ರೂ. ಮುಂದಿನ ಚೌಕಟ್ಟಿನಲ್ಲಿ ಮೇಲೆ ಎರಡು, ಕೆಳಗೆ ಎರಡು, ಅವುಗಳ ಮೇಲೆ ಪ್ಲಾಸ್ಟಿಕ್ ಮುಚ್ಚಳ ಇರುವುದರಿಂದ ಕಣ್ಣಿಗೆ ಕಾಣಿಸುವುದಿಲ್ಲ. ಹಿಂದೆ, ಜಾಲರಿ ಬಾಗಿಲಿನ ಕಡೆಯಿಂದ, ನೆಲಕ್ಕೆ ಎರಡು. ಫ್ರಿಜ್ಜಿನ ಭಾರ ಖಾಲಿ ಇದ್ದಾಗಲೇ 50 ಕಿಲೋ ಮೇಲೆ. ಅದನ್ನು ಹಿಡಿಯುವ ಮರದ ಪಟ್ಟಿಯೋ ಮೆತ್ತನೆಯ ಪೈನು, ಹೆಬ್ಬೆರಳಿನಷ್ಟು ದಪ್ಪ. ವರ್ಷಗಟ್ಟಲೆ ಕುಲುಕಿ ಕುಲುಕಿ ತೂತುಗಳು ಸವೆದು ಅಗಲವಾಗಿದ್ದವು. ಸ್ಕ್ರೂವನ್ನು ಬೆರಳಿನಿಂದಲೇ ಈಚೆಗೆ ತೆಗೆಯಬಹುದಿತ್ತು. ಅಳಿಯಂದಿರು ಇನ್ನೂ ದಪ್ಪ ಸ್ಕ್ರೂ ಹಾಕೋಣ ಅಂದರು. ಅಷ್ಟು ಸಣ್ಣ ಪಟ್ಟಿಗೆ ದಪ್ಪ ಸ್ಕ್ರೂ ಹಾಕಿದರೆ ಪಟ್ಟಿಯೇ ಸೀಳುತ್ತೆ. ಆಗ ನಾನು ಬಾಯಿ ಬಿಟ್ಟೆ. ಟವೆಲಿನ ಪ್ರಕರಣವಾದ ಮೇಲೆ ಸಲಹೆ ಕೊಡಲು ಸಂಕೋಚವೇ ಆಗಿತ್ತೆನ್ನಿ. ಆದರೆ ಇದು ನನಗೆ ಗೊತ್ತಿದ್ದ ವಿದ್ಯೆ.

ನಮ್ಮ ಊರಿನ ಮನೆಯಲ್ಲಿ ದೇವರ ಕೋಣೆಯ ಬಾಗಿಲ ತಿರುಗಣಿ ಸಡಿಲವಾದಾಗ ಬಡಗಿ ಆಚಾರ್ರು ಮಾಡುತ್ತಿದ್ದದ್ದನ್ನು ನಾನು ನೋಡಿದ್ದೆ. ಸ್ಕ್ರೂ ತೆಗೆದು, ತೂತಿನೊಳಗಿನ ಪುಡಿ ಊದಿ, ಮದ್ದಿನ ತಲೆ ಮುರಿದ ಬೆಂಕಿಕಡ್ಡಿಗಳನ್ನು ಮರದ ಅಂಟಿನಲ್ಲಿ ಅದ್ದಿ, ನಾಲ್ಕೋ ಐದೋ ಹಿಡಿಸುವಷ್ಟು ಒತ್ತಿ ತುಂಬುವುದು. ನಮ್ಮಲ್ಲಿ ಫೆವಿಕಾಲ್ ಅನ್ನುತ್ತೇವಲ್ಲ, ಆ ಜಾತಿಯ ಅಂಟು. ರಾತ್ರಿಯಿಡೀ ಒಣಗಲು ಬಿಡಬೇಕು. ಇಲ್ಲಿ ಆತುರ ಮಾಡಿದರೆ ಎಲ್ಲ ವ್ಯರ್ಥ. ಒಣಗಿದ ಮೇಲೆ ಹೊರಗೆ ಉಳಿದ ತುದಿಗಳನ್ನು ಕತ್ತರಿಸಿ, ನಡುವೆ ಸಣ್ಣ ತೂತು ಕೊರೆದು, ಸ್ಕ್ರೂ ತಿರುಗಿಸಿದರೆ ಹೊಸ ಮರಕ್ಕೆ ಹಾಕಿದಷ್ಟೇ ಬಿಗಿ. ಮೊಮ್ಮಗನಿಗೆ ಬೆಂಕಿಕಡ್ಡಿ ತಲೆ ಮುರಿಯುವ ಕೆಲಸ ಕೊಟ್ಟೆ. ಎಣಿಸಿ ಎಣಿಸಿ ಇಪ್ಪತ್ತು ಕಡ್ಡಿ ಕೊಟ್ಟ. ಸ್ಕ್ರೂಗಳನ್ನು ಮೊದಲಿನದಕ್ಕಿಂತ ಅರ್ಧ ಅಂಗುಲ ಉದ್ದದ್ದು ತಂದಿದ್ದರು, ಅದರ ಹಿಂದಿನ ಮರ ಎಷ್ಟು ಆಳವಿದೆ ಅಂತ ಅಳೆದುಕೊಂಡು.

ಒಂದು ಮಾತು ನೆನಪಿಡಬೇಕು. ಸ್ಕ್ರೂ ಹಾಕುವುದು ಕಂಪನಿಯವರು ಕೊಟ್ಟ ತೂತುಗಳಲ್ಲಿ ಮಾತ್ರ. ಇನ್ನೊಂದು ಕಡೆ ಹಿಡಿತ ಸಿಗಲಿ ಅಂತ ಫ್ರಿಜ್ಜಿನ ಮೈಗೆ ಹೊಸ ತೂತು ಕೊರೆಯಬಾರದು. ಕೊಳವೆಗೆ ತಗುಲಿದರೆ ಫ್ರಿಜ್ಜೂ ಹೋಯಿತು, ಅಮೋನಿಯಾ ಹೊರಗೆ ಬಂದರೆ ಕಣ್ಣು ಮೂಗು ಉರಿದು ಅಲ್ಲಿ ನಿಲ್ಲುವುದಕ್ಕೇ ಆಗದು.

ಹಿಂದಿನ ಎರಡು ಸ್ಕ್ರೂಗಳದ್ದು ಬೇರೆ ಕಥೆ. ಜಾಲರಿಯಿಂದ ಮಳೆನೀರು ಇಳಿದು ಅಲ್ಲಿನ ನೆಲದ ಹಲಗೆಯ ಅಂಚು ಮೆತ್ತಗಾಗಿತ್ತು. ನೆನೆದ ಅವಲಕ್ಕಿಗೆ ಸ್ಕ್ರೂ ಹಾಕಿದರೆ ನಿಲ್ಲುತ್ತದೆಯೇ? ಅಲ್ಲಿ ಬೆಂಕಿಕಡ್ಡಿ ಉಪಾಯ ಸಾಗಲಿಲ್ಲ. ಗಟ್ಟಿ ಇರುವ ಕಡೆ ಒಂದು ಅಡ್ಡ ಮರದ ತುಂಡನ್ನು ನೆಲಕ್ಕೆ ಅಂಟು ಹಾಕಿ ಸ್ಕ್ರೂ ಹೊಡೆದು ಕೂರಿಸಿ, ಫ್ರಿಜ್ಜಿನ ಹಿಂದಿನ ಪಟ್ಟಿಯನ್ನು ಆ ತುಂಡಿಗೆ ಬಿಗಿದರು. ಉರಿಯಿಂದ ದೂರ, ಗಾಳಿ ಓಡಾಡುವ ದಾರಿಗೆ ಅಡ್ಡ ಬರದ ಹಾಗೆ. ಮುಂದಿನ ಸುತ್ತಿನ ಪಟ್ಟಿಯನ್ನೂ ಹೊಸದಾಗಿ ಅಂಟಿಸಿದರು. ಕೊನೆಗೆ ಫ್ರಿಜ್ಜಿನ ಒಳಗೆ ರಸಮಟ್ಟ ಇಟ್ಟು ನೋಡಿದರು. ಈ ಜಾತಿಯ ಫ್ರಿಜ್ಜು ನಿಂತ ಕಡೆ ಸಮನಾಗಿರಲೇಬೇಕು. ಒಳಗೆ ದ್ರವವನ್ನು ತಳ್ಳುವ ಪಂಪಿಲ್ಲ, ಅದು ತಾನಾಗಿಯೇ ಇಳಿದು ಬರಬೇಕು. ಓರೆಯಾಗಿ ಗಂಟೆಗಟ್ಟಲೆ ಉರಿಸಿದರೆ ಉರಿಯ ಮೇಲಿನ ಭಾಗ ಬತ್ತಿ, ಅತಿಯಾಗಿ ಕಾದು, ಕೊಳವೆ ಕಟ್ಟಿಕೊಂಡು ಫ್ರಿಜ್ಜು ಶಾಶ್ವತವಾಗಿ ಕೆಡುತ್ತೆ.

ಫ್ರಿಜ್ಜಿಲ್ಲದೆ ಎರಡು ದಿನ ಹೇಗೆ ಕಳೆದಿರಿ ಅಂತೀರಾ? ಮಂಜುಗಡ್ಡೆ ಪೆಟ್ಟಿಗೆಯಲ್ಲಿ ಹಾಲು ಮೊಸರು ಇಟ್ಟೆವು. ಊಟಕ್ಕೆ ನಾನು ಊರಿನಿಂದ ಒಯ್ದಿದ್ದ ಮೆಂತ್ಯದ ಹಿಟ್ಟು ಕೈ ಹಿಡಿಯಿತು. ಮೊಸರಿಗೆ ಎರಡು ಚಮಚ ಹಿಟ್ಟು, ಉಪ್ಪು ಕಲಸಿ, ಮೇಲೊಂದು ಒಗ್ಗರಣೆ. ಬಿಸಿ ಅನ್ನಕ್ಕೆ ಇದಕ್ಕಿಂತ ಬೇರೆ ಬೇಕೇ? ಪಕ್ಕದ ಹೆಂಗಸಿಗೂ ಒಂದು ಬಟ್ಟಲು ಕೊಟ್ಟೆ. ಬಟ್ಟಲು ತೊಳೆದು ವಾಪಸು ತಂದಾಗ ಅದರ ತುಂಬ ಅವರೇ ಮಾಡಿದ ಬಿಸ್ಕತ್ತು. ಬರಿ ಬಟ್ಟಲು ಹಿಂದಿರುಗಿಸಬಾರದು ಅನ್ನುವ ಪದ್ಧತಿ ಅಲ್ಲೂ ಇದೆ ಅಂತಾಯಿತು. ಕಣಿವೆ ನೋಡಿದಿರಾ ಅಂತ ಕೇಳಬೇಡಿ. ನೋಡಿದೆ, ಕೆಳಗೆ ಕೊಲರಾಡೋ ನದಿ ದಾರದ ಎಳೆಯಂತೆ ಕಂಡಿತು. ಆದರೆ ಕಣ್ಣು ಕಣಿವೆಯ ಕಡೆ, ಮನಸ್ಸು ಆ ಜಾಲರಿ ಬಾಗಿಲಿನ ಕಡೆ.

"ಟ್ರೇಲರಿಲ್ಲದ ನಮಗೆ ಇದೆಲ್ಲ ಯಾಕೆ?" ಅಂತ ಕೇಳುವವರಿಗೆ ಎರಡು ಮಾತು. ವರ್ಗವಾದಾಗ ನಿಮ್ಮ ಫ್ರಿಜ್ಜೂ ಲಾರಿ ಹತ್ತುತ್ತದಲ್ಲ? ನಮ್ಮ ಮನೆಗಳದ್ದು ಮೋಟಾರಿನ ಫ್ರಿಜ್ಜು. ಆ ಮೋಟಾರು ತನ್ನ ಕಪ್ಪು ಗಡಿಗೆಯೊಳಗೆ ಸ್ಪ್ರಿಂಗುಗಳ ಮೇಲೆ ಕೂತಿರುತ್ತೆ, ಜೊತೆಗೆ ಎಣ್ಣೆಯೂ ಇರುತ್ತೆ. ಮಲಗಿಸಿದರೆ ಎಣ್ಣೆ ಕೊಳವೆಗಳಿಗೆ ಹರಿಯುತ್ತೆ. ಆದ್ದರಿಂದ ನಿಲ್ಲಿಸಿಯೇ ಒಯ್ಯಬೇಕು. ಲಾರಿಯ ಬಾಲದ ಕಡೆ ಎತ್ತಿ ಎತ್ತಿ ಹಾಕುವುದರಿಂದ, ಡ್ರೈವರ್ ಕಡೆಯ ಗೋಡೆಗೆ ಆನಿಸಿ, ನಡುವೆ ಹಾಸಿಗೆ ಕೊಟ್ಟು, ಎರಡು ಕಡೆ ಹಗ್ಗ ಕಟ್ಟಿಸಿ. ಹಗ್ಗ ಹಿಂದಿನ ಕೊಳವೆಗಳ ಮೇಲೆ ಬೀಳದಿರಲಿ. ಈಗಿನ ಬಹಳಷ್ಟು ಫ್ರಿಜ್ಜುಗಳಲ್ಲಿ ಐಸೋಬ್ಯೂಟೇನ್ ಅನ್ನುವ ಗ್ಯಾಸಿದೆ. ಅದು ಸ್ವಲ್ಪವೇ ಇದ್ದರೂ ಹತ್ತಿಕೊಳ್ಳುವ ಗ್ಯಾಸು. ಹಿಂಬದಿಯ ಚೀಟಿಯಲ್ಲಿ ಆರ್ 600ಎ ಅಂತಿದ್ದರೆ ಅದೇ. ಗಾಜಿನ ತಟ್ಟೆಗಳನ್ನು ತೆಗೆದು ಸೀರೆಗಳ ನಡುವೆ ಇಡಿ, ಬಾಗಿಲಿಗೆ ಬಟ್ಟೆಯ ಪಟ್ಟಿ ಬಿಗಿಯಿರಿ. ಹೊಸ ಮನೆಯಲ್ಲಿ ಇಳಿಸಿದ ಕೂಡಲೇ ಸ್ವಿಚ್ ಹಾಕದೆ ನಾಲ್ಕಾರು ಗಂಟೆ ಹಾಗೇ ನಿಲ್ಲಲು ಬಿಡಿ. ದಾರಿಯಲ್ಲಿ ವಾಲಿತ್ತು ಅನ್ನುವ ಅನುಮಾನವಿದ್ದರೆ ಒಂದು ರಾತ್ರಿ.

ಹಿಂದಿರುಗುವ ದಿನ ಹೊರಡುವ ಮುಂಚೆ ಅಳಿಯಂದಿರು ಫ್ರಿಜ್ಜಿನ ಅಂಚಿಗೆ ಸರಿಯಾಗಿ ಕೆಳಗಿನ ಹಲಗೆಯ ಮೇಲೆ ಪೆನ್ಸಿಲಿನಿಂದ ಒಂದು ಗೆರೆ ಎಳೆದರು. ಗ್ಯಾಸಿನ ಸಿಲಿಂಡರನ್ನು ನಾನೇ ಎರಡು ಸಲ ಮುಟ್ಟಿ ನೋಡಿದೆ, ಮುಚ್ಚಿದೆಯೋ ಇಲ್ಲವೋ ಅಂತ. ದಾರಿಯಲ್ಲಿ ನಿಲ್ಲಿಸಿದಾಗಲೆಲ್ಲ ಮೊಮ್ಮಗ ಮೊದಲು ಓಡಿಹೋಗಿ ಗೆರೆ ನೋಡಿ ಬಂದು "ಅಜ್ಜೀ, ಅಲ್ಲೇ ಇದೆ" ಅಂತ ವರದಿ ಕೊಡುತ್ತಿದ್ದ. ಫೀನಿಕ್ಸ್ ಸೇರಿದಾಗ ರಾತ್ರಿ ಎಂಟು ಗಂಟೆ. ಗೆರೆ ಅಲ್ಲೇ ಇತ್ತು. ಇಡ್ಲಿಗೆ ನೆನೆಹಾಕಿದೆ.